ವಿಧಿವಿಜ್ಞಾನಕ್ಕೆ ಜರ್ನಲ್ ಯಾಕೆ ಬೇಕು? ಉತ್ತರ ಬ್ರಹ್ಮಗಿರಿಯಲ್ಲಿದೆ

ಹಿಂದಿನ ಪೋಸ್ಟ್‌ನಲ್ಲಿ ಜಟಿಂಗ ರಾಮೇಶ್ವರ ನೋಡಿದ್ವಿ. ಇವತ್ತು ಬ್ರಹ್ಮಗಿರಿ. ಆದ್ರೆ ಅಶೋಕನ ಶಾಸನದ ಕಥೆ ಅಲ್ಲ, ಅದು ನಿಮಗೆ ಗೊತ್ತೇ ಇದೆ: 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಇವತ್ತಿನ ವಿಷಯ ಅಲ್ಲಿನ ಮಣ್ಣು, ಮತ್ತೆ ಒಂದು ತಪ್ಪು ಲೆಕ್ಕ.

1947ರಲ್ಲಿ ಪುರಾತತ್ವ ಇಲಾಖೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದ್ರು. ಕೆಳಗಿನ ಪದರದಲ್ಲಿ ಕಲ್ಲಿನ ಕೊಡಲಿ, ಅದರ ಮೇಲೆ ಬೃಹತ್ ಶಿಲಾಗೋರಿ ಕಟ್ಟಿದ ಜನರ ಕಬ್ಬಿಣ, ಅದಕ್ಕೂ ಮೇಲೆ ಶಾತವಾಹನರ ಕಾಲದ ಮಡಕೆ ಚೂರು. ರೋಮ್ ಜೊತೆ ವ್ಯಾಪಾರ ಇದ್ದ ಅರಿಕಮೇಡುವಿನಲ್ಲಿ ಸಿಕ್ಕಂಥ ಮಡಕೆ ಇಲ್ಲೂ ಸಿಕ್ತು. ಅದರ ಕಾಲ ಗೊತ್ತಿತ್ತು. ಅಲ್ಲಿಂದ ಹಿಂದಕ್ಕೆ ಎಣಿಸಿ, ಶಿಲಾಗೋರಿಗಳು ಶುರುವಾಗಿದ್ದು ಸುಮಾರು ಕ್ರಿ.ಪೂ. 200ರಲ್ಲಿ ಅಂದ್ರು ವೀಲರ್.

ಈ ಲೆಕ್ಕ ನಿಲ್ಲಲಿಲ್ಲ. 1949ರಲ್ಲಿ ವಿಲ್ಲರ್ಡ್ ಲಿಬ್ಬಿ ತಂಡ ರೇಡಿಯೊಕಾರ್ಬನ್ ವಿಧಾನ ತಂದಿತು. ಆಮೇಲೆ ಹಳ್ಳೂರಿನಂಥ ಕಡೆ ಸಿಕ್ಕ ಇದ್ದಿಲಿನ ಪರೀಕ್ಷೆಯಿಂದ ನಮ್ಮ ನಾಡಿನ ಕಬ್ಬಿಣದ ಕಾಲ ಕ್ರಿ.ಪೂ. 1000ದ ಆಸುಪಾಸಿಗೆ ಹೋಯ್ತು. ನೂರಾರು ವರ್ಷದ ವ್ಯತ್ಯಾಸ!

ಹಾಗಂತ ವೀಲರ್ ಕೆಲಸ ದಂಡ ಆಯ್ತಾ? ಇಲ್ಲ. ಯಾಕಂದ್ರೆ ಅವರು ಎಲ್ಲವನ್ನೂ 'ಏನ್ಷಿಯಂಟ್ ಇಂಡಿಯಾ' ಅನ್ನೋ ಜರ್ನಲ್‌ನ 4ನೇ ಸಂಚಿಕೆಯಲ್ಲಿ ಅಚ್ಚು ಹಾಕಿಸಿದ್ರು. ಯಾವ ಪದರದಲ್ಲಿ ಏನು ಸಿಕ್ತು, ಯಾವ ಆಧಾರದ ಮೇಲೆ ಈ ಕಾಲ ಹೇಳ್ತಿದ್ದೀನಿ ಅನ್ನೋದೆಲ್ಲ ಚಿತ್ರಸಮೇತ. ಅದಕ್ಕೇ ಮುಂದೆ ಬಂದವರು ಪದರಗಳ ಕ್ರಮ ಇಟ್ಟುಕೊಂಡು ಕಾಲವನ್ನು ಮಾತ್ರ ತಿದ್ದೋಕಾಯ್ತು. ಜರ್ನಲ್ ಇರೋದೇ ಇದಕ್ಕೆ: ನಾನು ಹೇಳಿದ್ದು ತಪ್ಪಿದ್ರೆ ಇನ್ನೊಬ್ಬರು ಹಿಡೀಲಿ ಅಂತ.

ಈಗ ವಿಧಿವಿಜ್ಞಾನಕ್ಕೆ ಬನ್ನಿ, ಅಂದ್ರೆ ಫೊರೆನ್ಸಿಕ್. ಅದೂ ಇದೇ ಕೆಲಸ. ಉಳಿದ ಗುರುತು ನೋಡಿ ನಡೆದದ್ದನ್ನು ಹೇಳೋದು. ಆದ್ರೆ ಬ್ರಹ್ಮಗಿರಿ ಲೆಕ್ಕ ತಪ್ಪಿದ್ರೆ ಪುಸ್ತಕ ತಿದ್ದಬಹುದು. ಇಲ್ಲಿ ತಪ್ಪಿದ್ರೆ ಯಾರದೋ ಮನೆಮಗ ಜೈಲಲ್ಲಿ ಇರ್ತಾನೆ.

ಬೆರಳಚ್ಚಿನ ಚರ್ಚೆ ಲೋಕಕ್ಕೆ ತಲುಪಿದ್ದು ಕೂಡ ಪತ್ರಿಕೆಯಿಂದಲೇ. 1880ರಲ್ಲಿ ಜಪಾನಿನಲ್ಲಿದ್ದ ವೈದ್ಯ ಹೆನ್ರಿ ಫಾಲ್ಡ್ಸ್, ಬೆರಳ ಗೆರೆಯಿಂದ ಅಪರಾಧಿ ಹಿಡಿಯಬಹುದು ಅಂತ 'ನೇಚರ್'ಗೆ ಬರೆದ್ರು. ಮುಂದಿನ ತಿಂಗಳೇ ವಿಲಿಯಂ ಹರ್ಷೆಲ್, ಬಂಗಾಳದಲ್ಲಿ ನಾನು ಇದನ್ನು ಆಗಲೇ ಬಳಸಿದ್ದೀನಿ ಅಂತ ಅಲ್ಲೇ ಉತ್ತರ ಕೊಟ್ರು. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕಚೇರಿ ಬಂತು. ಅಮೆರಿಕದ ವಿಧಿವಿಜ್ಞಾನಿಗಳು 1948ರಲ್ಲಿ ಅಕಾಡೆಮಿ ಕಟ್ಟಿ, 1956ರಿಂದ 'ಜರ್ನಲ್ ಆಫ್ ಫೊರೆನ್ಸಿಕ್ ಸೈನ್ಸಸ್' ತರೋಕೆ ಶುರು ಮಾಡಿದ್ರು. ಇಂಥ ಜರ್ನಲ್‌ನಲ್ಲಿ ಲೇಖನ ಅಚ್ಚಾಗೋ ಮುಂಚೆ ಅದೇ ವಿಷಯ ಬಲ್ಲ ಬೇರೆಯವರು ಓದಿ ಪ್ರಶ್ನೆ ಹಾಕ್ತಾರೆ. ಎಷ್ಟು ಮಾದರಿ ನೋಡಿದ್ರಿ? ಎಷ್ಟು ಸಲ ತಪ್ಪಿತು? 1993ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಡಾಬರ್ಟ್ ಪ್ರಕರಣದಲ್ಲಿ, ತಜ್ಞರ ಸಾಕ್ಷ್ಯ ಒಪ್ಪೋ ಮುಂಚೆ ನ್ಯಾಯಾಧೀಶರು ಇಂಥದ್ದನ್ನೇ ನೋಡಬೇಕು ಅಂತು.

ಈ ಪ್ರಶ್ನೆ ಕೇಳದೇ ಇದ್ರೆ ಏನಾಗುತ್ತೆ? ದೂರ ಹೋಗ್ಬೇಡಿ, ಬೆಂಗಳೂರೇ ಸಾಕು. 2000ದ ದಶಕದಲ್ಲಿ ಮಂಪರು ಪರೀಕ್ಷೆಗೆ ಬೆಂಗಳೂರಿನ ಪ್ರಯೋಗಾಲಯ ದೇಶಕ್ಕೇ ಹೆಸರಾಗಿತ್ತು. ಛಾಪಾ ಕಾಗದ ಹಗರಣದ ತೆಲಗಿ ಮಂಪರಿನಲ್ಲಿ ಮಾತಾಡಿದ್ದು ಟಿ.ವಿ.ಯಲ್ಲೂ ಬಂತು. ಜೊತೆಗೆ ಬ್ರೈನ್ ಮ್ಯಾಪಿಂಗ್. 2008ರಲ್ಲಿ ಪುಣೆಯ ಕೋರ್ಟ್ ಒಂದು ಕೊಲೆ ಕೇಸಲ್ಲಿ ಅಂಥ ಮೆದುಳು ಪರೀಕ್ಷೆಯನ್ನೂ ಸಾಕ್ಷ್ಯವಾಗಿ ಒಪ್ಪಿ ಶಿಕ್ಷೆ ಕೊಟ್ಟಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ, ಇದಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರ ಇಲ್ಲ ಅಂತು. ಗಮನಿಸಿ: ಪರೀಕ್ಷೆ ಮೊದಲು ಮನುಷ್ಯರ ಮೇಲೆ ನಡೀತು, ಪರೀಕ್ಷೆಯ ಪರೀಕ್ಷೆ ಆಮೇಲೆ.

2010ರ ಮೇ 5ರಂದು 'ಸೆಲ್ವಿ ವರ್ಸಸ್ ಸ್ಟೇಟ್ ಆಫ್ ಕರ್ನಾಟಕ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಮಂಪರು, ಸುಳ್ಳುಪತ್ತೆ, ಮೆದುಳು ಪರೀಕ್ಷೆ, ಯಾವುದನ್ನೂ ಯಾರ ಮೇಲೂ ಬಲವಂತವಾಗಿ ಮಾಡೋ ಹಾಗಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಒತ್ತಾಯಿಸಬಾರದು ಅನ್ನುತ್ತೆ ಸಂವಿಧಾನದ 20(3)ನೇ ವಿಧಿ. ಇಡೀ ದೇಶಕ್ಕೆ ಅನ್ವಯಿಸೋ ಈ ತೀರ್ಪಿನ ಹೆಸರಲ್ಲಿ ನಮ್ಮ ರಾಜ್ಯ ಇದೆ.

ಇನ್ನೊಂದು ಮಾತು ಪ್ರಾಮಾಣಿಕವಾಗಿ ಹೇಳ್ಬೇಕು. ಜರ್ನಲ್‌ನಲ್ಲಿ ಬಂದ ಮಾತ್ರಕ್ಕೆ ಸತ್ಯ ಆಗಲ್ಲ. 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ, ಡಿಎನ್‌ಎ ಒಂದನ್ನು ಬಿಟ್ಟರೆ ಗುರುತು ಇಂಥವರದ್ದೇ ಅಂತ ಖಚಿತವಾಗಿ ಹೇಳಬಲ್ಲ ವಿಧಾನ ಯಾವುದೂ ಸರಿಯಾಗಿ ಸಾಬೀತಾಗಿಲ್ಲ ಅಂತು. ದಶಕಗಳ ಕಾಲ ಜರ್ನಲ್‌ಗಳು ಇದ್ದೂ ಹೀಗೆ! ಆದ್ರೆ ಆ ಕೊರತೆ ಹಿಡಿದಿದ್ದು ಕೂಡ ಪ್ರಕಟವಾದ ಸಂಶೋಧನೆಗಳನ್ನು ಕೂತು ಓದಿದವರೇ.

ಇದು ನಮಗೆ ಯಾಕೆ? 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧ ಆದ್ರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಅನ್ನೋ ನಿಯಮ ಅದರಲ್ಲಿದೆ. ಇದನ್ನು ಜಾರಿಗೆ ತರೋಕೆ ರಾಜ್ಯಗಳಿಗೆ 5 ವರ್ಷ ಸಮಯ. ಅಂದ್ರೆ ಚಳ್ಳಕೆರೆ, ಮೊಳಕಾಲ್ಮೂರು ಠಾಣೆಯ ಕೇಸುಗಳಲ್ಲೂ ಲ್ಯಾಬ್ ವರದಿಯ ತೂಕ ಹೆಚ್ಚುತ್ತೆ. ನಿಮ್ಮಲ್ಲಿ ಕೆಲವರು ನಾಳೆ ಆ ಲ್ಯಾಬ್‌ನಲ್ಲಿ ಇರ್ತೀರಿ, ಕೆಲವರು ವಕೀಲರಾಗ್ತೀರಿ. 'ಎಫ್‌ಎಸ್‌ಎಲ್ ವರದಿ ಬಂತು' ಅಂತ ಸುದ್ದಿ ಕೇಳಿದಾಗ ಮೂರು ಪ್ರಶ್ನೆ ನೆನಪಿರಲಿ. ಯಾವ ವಿಧಾನ? ಅದು ಎಷ್ಟು ಸಲ ತಪ್ಪುತ್ತೆ? ಅದನ್ನು ಬೇರೆಯವರು ಪರೀಕ್ಷಿಸಿ ಬರೆದಿದ್ದಾರಾ?

ಬ್ರಹ್ಮಗಿರಿಗೆ ಹೋದ್ರೆ ಶಾಸನದ ಮುಂದೆ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಸುತ್ತಲಿನ ನೆಲವನ್ನೂ ಒಂದ್ಸಲ ನೋಡಿ ಬನ್ನಿ. ನಿಮ್ಮ ಹತ್ರ ಅಲ್ಲಿನ ಫೋಟೊ ಇದ್ರೆ ಕಳಿಸಿ, ಮುಂದಿನ ಭಾಗಕ್ಕೆ ಹಾಕೋಣ.

#ಬ್ರಹ್ಮಗಿರಿ #ಮೊಳಕಾಲ್ಮೂರು #ಚಳ್ಳಕೆರೆ #ವಿಧಿವಿಜ್ಞಾನ