ಉಪ್ಪು, ಕಬ್ಬಿಣ ಮತ್ತು ಕಾಣದ ಕವಚ

(ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಕನ್ನಡ ಕುಟುಂಬಗಳ ಮುಂದೆ ಮಾಡಿದ ಉಪನ್ಯಾಸದ ಸಾರ)



ಉಪ್ಪಿಗಿಂತ ರುಚಿಯಿಲ್ಲ ಎಂದರು ನಮ್ಮ ಹಿರಿಯರು. ಕಬ್ಬಿಣದ ಪಾಲಿಗಾದರೋ ಉಪ್ಪಿನಂಥ ವೈರಿ ಬೇರೆಯಿಲ್ಲ. ಈ ವೈರದ ಮರ್ಮವನ್ನು ಅರಿಯಲು ವಿಜ್ಞಾನಕ್ಕೆ ಬಹುಕಾಲ ಹಿಡಿಯಿತು.

1836ರಲ್ಲಿ ಬಾಸೆಲ್ ನಗರದ ಪ್ರಾಧ್ಯಾಪಕ ಷೋನ್‌ಬೈನ್ ಅವರು ಮೈಕೇಲ್ ಫ್ಯಾರಡೆಯವರಿಗೆ ಒಂದು ವಿಸ್ಮಯವನ್ನು ಬರೆದು ತಿಳಿಸಿದರು. ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಬುಸುಗುಟ್ಟಿ ಕರಗುವ ಕಬ್ಬಿಣ, ತೀಕ್ಷ್ಣ ಆಮ್ಲದಲ್ಲಿ ಕರಗದೆ ಉಳಿಯುತ್ತಿತ್ತು. ಆಕ್ಸೈಡಿನ ಪೊರೆಯೊಂದು ಅದನ್ನು ಕಾಯುತ್ತಿರಬೇಕೆಂದು ಫ್ಯಾರಡೆ ತರ್ಕಿಸಿದರು. 1927ರಲ್ಲಿ ಕೇಂಬ್ರಿಜ್‌ನ ಯೂಲಿಕ್ ಇವಾನ್ಸ್ ಆ ಪೊರೆಯನ್ನು ಲೋಹದಿಂದ ಬಿಡಿಸಿಯೇ ತೋರಿಸಿದರು.

ಕಾಂಕ್ರೀಟಿನೊಳಗಿನ ಸರಳುಗಳನ್ನು ಕಾಪಾಡುವುದೂ ಇಂಥದೇ ಪೊರೆ. ಸಿಮೆಂಟಿನ ಕ್ಷಾರಗುಣ ಅದನ್ನು ಪೋಷಿಸುತ್ತದೆ. ಅದರ ದಪ್ಪ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಉಪ್ಪಿನ ಕ್ಲೋರೈಡ್ ಅಯಾನುಗಳು ಪೊರೆಯ ದುರ್ಬಲ ತಾಣಗಳಲ್ಲಿ ನೆಲೆಯೂರಿ, ಅಲ್ಲಿ ಅದನ್ನು ಛೇದಿಸುತ್ತವೆ. ಕರಗಿದ ಕಬ್ಬಿಣ ನೀರಿನೊಡನೆ ವರ್ತಿಸಿ ಆಮ್ಲವನ್ನು ಹುಟ್ಟಿಸುತ್ತದೆ. ಆ ಆಮ್ಲ ಕುಳಿಯನ್ನು ಇನ್ನಷ್ಟು ಕೊರೆಯುತ್ತದೆ. ಇಷ್ಟಾದರೂ ಕ್ಲೋರೈಡ್ ಮುಗಿದುಹೋಗದೆ ಮತ್ತೆ ಮತ್ತೆ ಅದೇ ಕೆಲಸಕ್ಕೆ ಒದಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ.

ಈ ಪಾಠವನ್ನು ಕೊಲ್ಲಿ ರಾಷ್ಟ್ರಗಳು ದುಬಾರಿ ಬೆಲೆ ತೆತ್ತು ಕಲಿತವು. 1970ರ ದಶಕದ ನಿರ್ಮಾಣದ ಭರಾಟೆಯಲ್ಲಿ ಉಪ್ಪುಮರಳು, ಸವುಳು ನೀರು ಕಾಂಕ್ರೀಟಿಗೆ ಸೇರಿದ ಕಡೆಗಳಲ್ಲಿ, ಹತ್ತು-ಹದಿನೈದು ವರ್ಷಗಳೊಳಗೇ ಕಟ್ಟಡಗಳು ಬಿರುಕುಬಿಟ್ಟವು. ಸಾಮಾನ್ಯ ಸಾಗರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದ್ದರೆ, ಇಲ್ಲಿನ ಕಡಲಲ್ಲಿ ಅದು 40 ಗ್ರಾಂ ಆಸುಪಾಸಿನಲ್ಲಿದೆ. ಬಿಸಿಲಿನ ಬೇಗೆ ಈ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ.

ನಮ್ಮ ಕರಾವಳಿಯ ನೆರೆಯಲ್ಲೂ ನಿದರ್ಶನವಿದೆ. ಗೋವೆಯ ಪಣಜಿಯಲ್ಲಿ ಮಾಂಡೋವಿ ನದಿಯ ಸೇತುವೆ, ಎರಡು ದಶಕವೂ ತುಂಬುವ ಮೊದಲೇ, 1986ರ ಜುಲೈ 5ರಂದು ಕುಸಿಯಿತು. ಒಳಗಿನ ಉಕ್ಕಿನ ತಂತಿಗಳಿಗೆ ತುಕ್ಕು ಹಿಡಿದಿತ್ತು.

ಇಲ್ಲಿ ದುಡಿದ ಹಣದಿಂದ ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಮನೆ ಕಟ್ಟಿಸುವವರು ನಮ್ಮಲ್ಲಿ ಅನೇಕರು. ನೆಲಹಾಸು, ಬಣ್ಣಗಳ ವಿಚಾರಣೆಗೆ ಮೊದಲು ಮೇಸ್ತ್ರಿಯನ್ನು ಮೂರು ಮಾತು ಕೇಳಿರಿ: ಮರಳು ಅಳಿವೆಯದೋ, ಸಿಹಿನೀರಿನ ಹೊಳೆಯದೋ? ಕಲಸುವ ಬಾವಿನೀರು ಉಪ್ಪೋ, ಸಿಹಿಯೋ? ಸರಳಿನ ಮೇಲೆ ಕಾಂಕ್ರೀಟಿನ ಹೊದಿಕೆ ಎಷ್ಟು ದಪ್ಪ? ಬಿರುಕು ಕಾಣಿಸಿಕೊಳ್ಳುವಷ್ಟರಲ್ಲಿ ಕಾಣದ ಕವಚ ಎಂದೋ ಹರಿದಿರುತ್ತದೆ. ಸುರಿದ ಕಾಂಕ್ರೀಟಿನಿಂದ ಉಪ್ಪನ್ನು ಹೊರತೆಗೆಯುವುದು ಬಲು ಕಷ್ಟ; ಸುರಿಯುವ ಮುನ್ನ ತಡೆಯುವುದು ನಮ್ಮೆಲ್ಲರ ಕೈಯಲ್ಲಿದೆ.