ಪರವಾನಗಿ ಸರ್ವರ್ ಸಂಪರ್ಕ ದೋಷಗಳು

ಪರವಾನಗಿ ಸರ್ವರ್ ಅಥವಾ ಲೈಸೆನ್ಸ್ ಸರ್ವರ್ ಎಂಬುದು ಒಂದು ಸಂಸ್ಥೆಯು ಖರೀದಿಸಿದ ತಂತ್ರಾಂಶದ ಬಳಕೆಯ ಹಕ್ಕುಗಳನ್ನು ಜಾಲದ ಮೂಲಕ ಬಳಕೆದಾರರಿಗೆ ಹಂಚುವ ಹಾಗೂ ಅವುಗಳ ಲೆಕ್ಕವಿಡುವ ಗಣಕ ಅಥವಾ ಸೇವೆಯಾಗಿದೆ. ಮ್ಯಾಟ್‌ಲ್ಯಾಬ್, ಆನ್ಸಿಸ್, ಕಾಮ್ಸಾಲ್ ಮೊದಲಾದ ದುಬಾರಿ ತಂತ್ರಾಂಶಗಳನ್ನು ಇಂಜಿನಿಯರಿಂಗ್ ಕಾಲೇಜುಗಳೂ ಸಂಶೋಧನಾ ಸಂಸ್ಥೆಗಳೂ ಅನೇಕ ವೇಳೆ ಈ ವಿಧಾನದಲ್ಲಿ ಬಳಸುತ್ತವೆ. ಸರ್ವರಿನ ಸಂಪರ್ಕ ದೊರೆಯದಿದ್ದರೆ, ತಂತ್ರಾಂಶವು ಗಣಕದಲ್ಲಿ ಸ್ಥಾಪಿತವಾಗಿದ್ದರೂ ತೆರೆದುಕೊಳ್ಳುವುದಿಲ್ಲ. ಪ್ರಯೋಗಾಲಯದ ತರಗತಿ ಮತ್ತು ಪ್ರಾಜೆಕ್ಟ್ ಕೆಲಸ ಅಲ್ಲಿಗೇ ನಿಲ್ಲುತ್ತವೆ.

ಕಾರ್ಯವಿಧಾನ

ಈ ವ್ಯವಸ್ಥೆಯನ್ನು ಗ್ರಂಥಾಲಯಕ್ಕೆ ಹೋಲಿಸಬಹುದು. ಗ್ರಂಥಾಲಯದಲ್ಲಿ ಒಂದು ಪುಸ್ತಕದ 20 ಪ್ರತಿಗಳಿದ್ದರೆ, ಸದಸ್ಯರು 200 ಮಂದಿ ಇದ್ದರೂ ಏಕಕಾಲಕ್ಕೆ 20 ಜನರು ಮಾತ್ರ ಓದಬಹುದು. ಒಬ್ಬರು ಹಿಂದಿರುಗಿಸಿದ ಮೇಲೆ ಇನ್ನೊಬ್ಬರಿಗೆ ಅವಕಾಶ. ಪರವಾನಗಿ ಸರ್ವರ್ ಇಲ್ಲಿ ಗ್ರಂಥಪಾಲಕನ ಸ್ಥಾನದಲ್ಲಿದೆ.

1988ರಲ್ಲಿ ಬಂದ ಫ್ಲೆಕ್ಸ್‌ಎಲ್‌ಎಂ ಈ ಕ್ಷೇತ್ರದಲ್ಲಿ ಬಹಳ ಪ್ರಚಲಿತವಾದ ವ್ಯವಸ್ಥೆ. ಅದು ಈಗ ಫ್ಲೆಕ್ಸ್‌ನೆಟ್ ಎಂಬ ಹೆಸರಿನಲ್ಲಿದೆ. ಇದರಲ್ಲಿ ಎರಡು ಸೇವೆಗಳು ಒಟ್ಟಿಗೆ ನಡೆಯುತ್ತವೆ. ಎಲ್‌ಎಂಜಿಆರ್‌ಡಿ ಎಂಬ ಮುಖ್ಯ ಸೇವೆಯು ಬಳಕೆದಾರನ ಕೋರಿಕೆಯನ್ನು ಮೊದಲು ಸ್ವೀಕರಿಸುತ್ತದೆ. ತಂತ್ರಾಂಶ ತಯಾರಕರು ಒದಗಿಸುವ ಎರಡನೆಯ ಸೇವೆಯು ಪರವಾನಗಿಯನ್ನು ಎಣಿಸಿ ನೀಡುತ್ತದೆ. ಎರಡಕ್ಕೂ ಬೇರೆ ಬೇರೆ ಪೋರ್ಟ್ ಸಂಖ್ಯೆಗಳಿರುತ್ತವೆ. ಮುಖ್ಯ ಸೇವೆಗೆ ರೂಢಿಯ ಪೋರ್ಟ್‌ಗಳು 27000ದಿಂದ 27009ರವರೆಗಿನವು. ಕಾಮ್ಸಾಲ್ 1718ನ್ನೂ ಆನ್ಸಿಸ್ 1055ನ್ನೂ ಬಳಸುತ್ತವೆ.

ದೋಷ ಸಂಕೇತಗಳು

ಸಂಪರ್ಕ ವಿಫಲವಾದಾಗ ಪರದೆಯ ಮೇಲೆ ಮೂಡುವ ಋಣಸಂಖ್ಯೆಯು ಪರಿಹಾರಕ್ಕೆ ಮೊದಲ ಸುಳಿವು. ಫ್ಲೆಕ್ಸ್‌ನೆಟ್‌ನಲ್ಲಿ ಪದೇ ಪದೇ ಕಾಣುವವು ಇವು:

-4: ಎಲ್ಲ ಪರವಾನಗಿಗಳೂ ಬಳಕೆಯಲ್ಲಿವೆ.
-9: ಪರವಾನಗಿ ನೀಡಲಾದ ಗಣಕವೇ ಬೇರೆ, ಈಗಿರುವ ಗಣಕವೇ ಬೇರೆ.
-10: ಪರವಾನಗಿಯ ಅವಧಿ ಮುಗಿದಿದೆ.
-15: ಸರ್ವರಿನೊಡನೆ ಸಂಪರ್ಕ ಸಾಧ್ಯವಾಗಲಿಲ್ಲ.
-88: ಗಣಕದ ಗಡಿಯಾರವನ್ನು ಹಿಂದಕ್ಕೆ ಸರಿಸಲಾಗಿದೆ.
-96: ಸರ್ವರ್ ಗಣಕವು ಪತ್ತೆಯಾಗುತ್ತಿಲ್ಲ ಅಥವಾ ಉತ್ತರಿಸುತ್ತಿಲ್ಲ.
-97: ತಯಾರಕರ ಸೇವೆಯು ಸ್ಥಗಿತಗೊಂಡಿದೆ.

ಇವುಗಳಲ್ಲಿ -4 ಮತ್ತು -10 ಜಾಲದ ದೋಷಗಳಲ್ಲ. ಮೊದಲನೆಯದಕ್ಕೆ ಕಾಯಬೇಕು, ಎರಡನೆಯದಕ್ಕೆ ನವೀಕರಿಸಬೇಕು. ಈ ಭೇದವನ್ನು ಅರಿಯದೆ ತಂತ್ರಾಂಶವನ್ನು ತೆಗೆದು ಮರುಸ್ಥಾಪಿಸುವುದರಿಂದ ಪ್ರಯೋಜನವಿಲ್ಲ.

ಪರಿಶೀಲನೆಯ ಕ್ರಮ

ದೋಷವನ್ನು ಬಳಕೆದಾರನ ಗಣಕದಿಂದ ಆರಂಭಿಸಿ ಸರ್ವರಿನ ಕಡೆಗೆ ಹಂತಹಂತವಾಗಿ ಹುಡುಕುವುದು ಉತ್ತಮ.

ಮೊದಲನೆಯದಾಗಿ, ಇದೇ ತೊಂದರೆ ಪಕ್ಕದ ಗಣಕಗಳಲ್ಲಿಯೂ ಇದೆಯೇ ಎಂದು ನೋಡಬೇಕು. ಎಲ್ಲೆಡೆ ಇದ್ದರೆ ಸರ್ವರ್ ಅಥವಾ ಜಾಲದಲ್ಲಿ ದೋಷವಿರುವ ಸಂಭವ ಹೆಚ್ಚು. ಒಂದರಲ್ಲಿ ಮಾತ್ರವಿದ್ದರೆ ಆ ಗಣಕದ ವಿನ್ಯಾಸವನ್ನು ಪರೀಕ್ಷಿಸಬೇಕು. ಅದರಲ್ಲಿ ಸರ್ವರಿನ ಹೆಸರು ಮತ್ತು ಪೋರ್ಟ್ ಸಂಖ್ಯೆ ಸರಿಯಾಗಿ ನಮೂದಾಗಿವೆಯೇ ಎಂಬುದು ಮುಖ್ಯ.

ಎರಡನೆಯದಾಗಿ, ಪಿಂಗ್ ಆಜ್ಞೆಯಿಂದ ಸರ್ವರ್ ತಲುಪುತ್ತದೆಯೇ ಎಂದು ತಿಳಿಯಬೇಕು. ಹೆಸರಿನಿಂದ ತಲುಪದೆ ಐಪಿ ವಿಳಾಸದಿಂದ ತಲುಪಿದರೆ ದೋಷವು ಹೆಸರು ಗುರುತಿಸುವ ವ್ಯವಸ್ಥೆಯಲ್ಲಿದೆ. ಕೆಲವು ಜಾಲಗಳಲ್ಲಿ ಪಿಂಗ್ ನಿಷೇಧಿಸಲ್ಪಟ್ಟಿರುವುದರಿಂದ ಉತ್ತರ ಬಾರದಿದ್ದರೆ ಪೋರ್ಟನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಮೂರನೆಯದಾಗಿ, ಫೈರ್‌ವಾಲ್. ಮುಖ್ಯ ಸೇವೆಯ ಪೋರ್ಟನ್ನು ತೆರೆದು ತಯಾರಕರ ಸೇವೆಯ ಪೋರ್ಟನ್ನು ಮರೆಯುವುದು ಸಾಮಾನ್ಯ. ಎರಡನೆಯ ಪೋರ್ಟನ್ನು ಪರವಾನಗಿ ಕಡತದಲ್ಲಿ ನಿಗದಿಪಡಿಸದಿದ್ದರೆ ಸೇವೆ ಪುನರಾರಂಭವಾದಾಗ ಅದು ಬದಲಾಗಬಹುದು. ಆದ್ದರಿಂದ ನಿನ್ನೆ ನಡೆದ ತಂತ್ರಾಂಶ ಇಂದು ನಡೆಯದೆ ಹೋಗುತ್ತದೆ. ಆ ಸಂಖ್ಯೆಯನ್ನು ಸ್ಥಿರಗೊಳಿಸಿ, ಅದನ್ನೂ ಫೈರ್‌ವಾಲ್‌ನಲ್ಲಿ ತೆರೆಯುವುದೇ ಪರಿಹಾರ. ಫೈರ್‌ವಾಲನ್ನು ಸಂಪೂರ್ಣವಾಗಿ ನಿಷ್ಕ್ರಿಯಗೊಳಿಸುವುದು ಅಪಾಯಕರ.

ಕೊನೆಯದಾಗಿ, ಸರ್ವರಿನಲ್ಲಿ ಎರಡೂ ಸೇವೆಗಳು ಚಾಲನೆಯಲ್ಲಿವೆಯೇ ಎಂಬುದನ್ನು ಎಲ್‌ಎಂಸ್ಟ್ಯಾಟ್ ಆಜ್ಞೆಯಿಂದ ನೋಡಿ, ದಾಖಲೆ ಕಡತವನ್ನು ಓದಬೇಕು. ಸರ್ವರಿನ ಜಾಲಪತ್ರ, ಅಂದರೆ ನೆಟ್‌ವರ್ಕ್ ಕಾರ್ಡ್, ಬದಲಾಗಿದ್ದರೆ ಅದರ ಗುರುತುಸಂಖ್ಯೆಗೆ ಕಟ್ಟಿದ ಪರವಾನಗಿ ಅಸಿಂಧುವಾಗುತ್ತದೆ. ತಯಾರಕರಿಂದ ಹೊಸ ಕಡತ ಪಡೆಯಬೇಕು. ಮೂರು ಸರ್ವರುಗಳ ಏರ್ಪಾಡಿದ್ದಲ್ಲಿ ಕನಿಷ್ಠ ಎರಡು ನಡೆಯುತ್ತಿರಲೇಬೇಕು.

ಕರ್ನಾಟಕದಲ್ಲಿ

ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯ ಐ-ಸ್ಟೆಮ್ ಜಾಲತಾಣವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೂಲಕ ನಡೆಯುತ್ತಿದ್ದು, 2020ರ ಜನವರಿ 3ರಂದು ಉದ್ಘಾಟನೆಗೊಂಡಿತು. ಸಂಶೋಧನಾ ಉಪಕರಣಗಳ ಹಂಚಿಕೆಯ ಜೊತೆಗೆ, ಕಾಮ್ಸಾಲ್‌ನಂತಹ ತಂತ್ರಾಂಶವನ್ನು ಶೈಕ್ಷಣಿಕ ಬಳಕೆದಾರರಿಗೆ ದೂರದಿಂದಲೇ ಉಚಿತವಾಗಿ ಒದಗಿಸಲು ಅದು ಕ್ರಮ ಕೈಗೊಂಡಿತು. ಸ್ವಂತವಾಗಿ ಖರೀದಿಸಲಾರದ ಸಣ್ಣ ಕಾಲೇಜುಗಳಿಗೆ ಇದು ಮಹತ್ವದ್ದು.

ಆದರೆ ಇಂತಹ ಸೌಲಭ್ಯದ ಫಲ ಅಂತರ್ಜಾಲದ ಸ್ಥಿರತೆಯನ್ನು ಅವಲಂಬಿಸಿದೆ. ಶಿರಸಿ, ಸಿದ್ದಾಪುರ ಹಾಗೂ ವಜ್ರಳ್ಳಿಯನ್ನೊಳಗೊಂಡ ಯಲ್ಲಾಪುರ ತಾಲ್ಲೂಕುಗಳಂತಹ ಮಲೆನಾಡಿನ ಪ್ರದೇಶಗಳಲ್ಲಿ ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಕಡಿತಗೊಂಡರೆ ಸಂಪರ್ಕವೂ ಕಡಿಯುತ್ತದೆ. ತಂತ್ರಾಂಶವು ಆಗಾಗ ಸರ್ವರಿನೊಡನೆ ಸಂಪರ್ಕವನ್ನು ಖಚಿತಪಡಿಸಿಕೊಳ್ಳುವುದರಿಂದ ಸಂಪರ್ಕ ತಪ್ಪಿದಾಗ ಕೆಲಸ ನಿಲ್ಲಬಹುದು. ಆದ್ದರಿಂದ ಆಗಾಗ ಉಳಿಸುವುದು ಅಗತ್ಯ. ಕಾಲೇಜಿನ ಸರ್ವರನ್ನು ಮನೆಯಿಂದ ಬಳಸಲು ಸಾಮಾನ್ಯವಾಗಿ ವಿಪಿಎನ್ ಬೇಕಾಗುತ್ತದೆ. ತಯಾರಕರೂ ಸಂಸ್ಥೆಯೂ ಅನುಮತಿಸಿದ್ದಲ್ಲಿ, ರಜೆಗೆ ಊರಿಗೆ ತೆರಳುವ ಮುನ್ನ ಪರವಾನಗಿಯನ್ನು ನಿಗದಿತ ದಿನಗಳಿಗೆ ಎರವಲು ಪಡೆದು ಸಂಪರ್ಕವಿಲ್ಲದೆಯೂ ಬಳಸಬಹುದು.

ಪರ್ಯಾಯಗಳು

ಪರವಾನಗಿ ಸರ್ವರಿನ ಹಂಗಿಲ್ಲದ ಮುಕ್ತ ತಂತ್ರಾಂಶಗಳೂ ಇವೆ. ಗಣಿತೀಯ ಲೆಕ್ಕಾಚಾರಕ್ಕೆ ಸೈಲ್ಯಾಬ್ ಮತ್ತು ಗ್ನೂ ಆಕ್ಟೇವ್, ವಿನ್ಯಾಸಕ್ಕೆ ಫ್ರೀಕ್ಯಾಡ್, ದ್ರವಚಲನೆಯ ಅಧ್ಯಯನಕ್ಕೆ ಓಪನ್‌ಫೋಮ್ ಲಭ್ಯವಿವೆ. ಮುಂಬಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಮುಕ್ತ ತಂತ್ರಾಂಶಗಳ ಕುರಿತು ಕನ್ನಡದಲ್ಲಿಯೂ ಪಾಠಗಳನ್ನು ಒದಗಿಸಿದೆ.