ಜಾಕ್ ಪ್ಲಾಂಟನ ಮುಖಕವಚ: ಒಂದು ವೃತ್ತಿಸಂಪ್ರದಾಯದ ವಿಚಾರ

ಕ್ರೀಡೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಗೆಲವು ಸೋಲುಗಳ ಗಣನೆಯಲ್ಲಿಯೇ ತೃಪ್ತರಾಗುವುದುಂಟು. ಕ್ರೀಡೆಯು ಜೀವನೋಪಾಯವಾದಾಗ ಅದರ ಕಟ್ಟಳೆಗಳು ಆಟಗಾರನ ದೇಹವನ್ನು ಹೇಗೆ ಆಳುತ್ತವೆಂಬುದೂ ಇತಿಹಾಸಕ್ಕೆ ಸೇರಿದ ವಿಷಯವೇ. ಕೆನಡದ ಐಸ್ ಹಾಕಿ ಗೋಲ್‌ರಕ್ಷಕ ಜಾಕ್ ಪ್ಲಾಂಟನ ವೃತ್ತಿಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

1929ರಲ್ಲಿ ಕ್ವಿಬೆಕ್ ಪ್ರಾಂತ್ಯದಲ್ಲಿ ಜನಿಸಿದ ಪ್ಲಾಂಟನು ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದಲ್ಲಿ ಖ್ಯಾತಿಗೆ ಬಂದನು. ಆ ತಂಡವು 1956ರಿಂದ 1960ರವರೆಗೆ ಸತತವಾಗಿ ಐದು ಬಾರಿ ಸ್ಟ್ಯಾನ್ಲಿ ಕಪ್ಪನ್ನು ಗೆದ್ದಾಗ ಗೋಲನ್ನು ಕಾದವನು ಇವನೇ. ಈ ಆಟದಲ್ಲಿ ಚೆಂಡಿನ ಬದಲು ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರಿನ ಬಿಲ್ಲೆಯಿರುತ್ತದೆ. ಅದನ್ನು 'ಪಕ್' ಎನ್ನುತ್ತಾರೆ. ಅತಿವೇಗದಿಂದ ಬರುವ ಈ ಬಿಲ್ಲೆಯನ್ನು ಗೋಲ್‌ರಕ್ಷಕರು ಬರಿಮುಖದಿಂದಲೇ ಎದುರಿಸುತ್ತಿದ್ದರು.

1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ರೇಂಜರ್ಸ್ ತಂಡದ ಆಂಡಿ ಬಾತ್‌ಗೇಟನ ಹೊಡೆತವು ಪ್ಲಾಂಟನ ಮುಖವನ್ನು ಸೀಳಿತು. ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡ ಅವನು, ಅದುವರೆಗೆ ಅಭ್ಯಾಸದಲ್ಲಿ ಮಾತ್ರ ಧರಿಸುತ್ತಿದ್ದ ಫೈಬರ್‌ಗ್ಲಾಸಿನ ಕವಚವಿಲ್ಲದೆ ಮತ್ತೆ ಆಡಲಾರೆನೆಂದನು. ಕವಚವು ದೃಷ್ಟಿಗೆ ಅಡ್ಡಿಯೆಂದು ನಂಬಿದ್ದ ತರಬೇತುದಾರ ಟೋ ಬ್ಲೇಕನು ಒಪ್ಪಲೇಬೇಕಾಯಿತು. ತಂಡವು 3–1ರಿಂದ ಗೆದ್ದಿತು.

ಪ್ಲಾಂಟನೇ ಮುಖಕವಚದ ಮೂಲಪುರುಷನೆಂಬ ಮಾತು ಸರಿಯಲ್ಲ. 1930ರಲ್ಲಿಯೇ ಕ್ಲಿಂಟ್ ಬೆನೆಡಿಕ್ಟನು ಕೆಲವು ಪಂದ್ಯಗಳಲ್ಲಿ ಕವಚವನ್ನು ಧರಿಸಿ ಬಳಿಕ ತ್ಯಜಿಸಿದ್ದನು. ಹಾಗಾದರೆ ಆ ಪ್ರಯೋಗವು ಮೂವತ್ತು ವರ್ಷ ಏಕೆ ನೆಲೆಯೂರಲಿಲ್ಲ? ಸಾಧನದ ದೋಷವೊಂದೇ ಕಾರಣವಲ್ಲವೆಂದು ನಾವು ಭಾವಿಸುತ್ತೇವೆ. 1942ರಿಂದ 1967ರವರೆಗೆ ನ್ಯಾಷನಲ್ ಹಾಕಿ ಲೀಗಿನಲ್ಲಿ ಇದ್ದುದು ಆರೇ ತಂಡಗಳು. ಎಂದರೆ ಮುಖ್ಯ ಗೋಲ್‌ರಕ್ಷಕನ ಸ್ಥಾನಗಳೂ ಆರೇ. ಭಯವನ್ನು ತೋರಿದವನ ಸ್ಥಾನಕ್ಕೆ ಕಾದಿರುವವರು ಅನೇಕರಿದ್ದರು. ಇಂಥ ಸನ್ನಿವೇಶದಲ್ಲಿ ನೋವನ್ನು ಸಹಿಸುವುದೇ ಶೌರ್ಯವೆಂಬ ಭಾವನೆ ಬೇರೂರಿದ್ದು ಆಶ್ಚರ್ಯವಲ್ಲ.

ಆದರೆ ಅದೇ ವ್ಯವಸ್ಥೆಯು ಆ ರಾತ್ರಿ ಪ್ಲಾಂಟನಿಗೆ ಅನುಕೂಲವಾಯಿತು. ಆಗ ತಂಡಗಳು ಪಂದ್ಯಕ್ಕೆ ಎರಡನೆಯ ಗೋಲ್‌ರಕ್ಷಕನನ್ನು ಸಿದ್ಧವಾಗಿರಿಸುತ್ತಿರಲಿಲ್ಲ. ಬ್ಲೇಕನಿಗೆ ಯೋಗ್ಯನಾದ ಬದಲಿಯಿರಲಿಲ್ಲ. ಪ್ಲಾಂಟನಿಗಾದರೋ ಸತತ ವಿಜಯಗಳ ಕೀರ್ತಿಯ ಬಲವಿತ್ತು. ಹೆಸರಿಲ್ಲದ ಆಟಗಾರನೊಬ್ಬನು ಇದೇ ಮಾತನ್ನಾಡಿದ್ದರೆ ಫಲವು ಬೇರೆಯಾಗುತ್ತಿತ್ತೆಂದು ಊಹಿಸಲು ಅವಕಾಶವುಂಟು.

ವಿವಾದವು ಅಲ್ಲಿಗೇ ಮುಗಿಯಲಿಲ್ಲ. 1960ರ ಮಾರ್ಚಿಯಲ್ಲಿ ಬ್ಲೇಕನ ಕೋರಿಕೆಯಂತೆ ಪ್ಲಾಂಟನು ಒಮ್ಮೆ ಕವಚವಿಲ್ಲದೆ ಆಡಿದನು. ಡೆಟ್ರಾಯಿಟ್ ತಂಡವು 3–0ರಿಂದ ಗೆದ್ದಿತು. ಕವಚವನ್ನು ಮತ್ತೆ ಧರಿಸಿದ ಅವನು, ಆ ವರ್ಷದ ಕಪ್ಪಿಗಾಗಿ ನಡೆದ ಎಂಟು ಪಂದ್ಯಗಳಲ್ಲಿಯೂ ತಂಡದೊಡನೆ ಜಯಗಳಿಸಿದನು. 1962ರಲ್ಲಿ ಲೀಗಿನ ಅತಿಶ್ರೇಷ್ಠ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿಯೂ ಅವನಿಗೆ ದೊರೆಯಿತು. ದೃಷ್ಟಿಗೆ ಅಡ್ಡಿಯೆಂಬ ಆಕ್ಷೇಪಣೆಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿರಲಿಲ್ಲ. 1970ರಲ್ಲಿ ಸೇಂಟ್ ಲೂಯಿ ತಂಡಕ್ಕಾಗಿ ಆಡುತ್ತಿದ್ದಾಗ ಹೊಡೆತವೊಂದು ಕವಚಕ್ಕೆ ತಗುಲಿ ಪ್ರಜ್ಞೆ ತಪ್ಪಿತಾದರೂ ಜೀವವುಳಿಯಿತು.

1974ರ ತರುವಾಯ ಆ ಲೀಗಿನಲ್ಲಿ ಬರಿಮುಖದ ಗೋಲ್‌ರಕ್ಷಕರು ಕಾಣಲಿಲ್ಲ. 1975ರಲ್ಲಿ ನಿವೃತ್ತನಾದ ಪ್ಲಾಂಟನು 1986ರಲ್ಲಿ ತೀರಿಕೊಂಡನು. ಒಂದು ಕಾಲಕ್ಕೆ ಅಂಜಿಕೆಯ ಗುರುತೆನಿಸಿದ್ದ ವಸ್ತುವು ಹದಿನೈದೇ ವರ್ಷಗಳಲ್ಲಿ ವೃತ್ತಿಯ ಸಾಮಾನ್ಯ ಉಡುಪಾಯಿತು. ಶೌರ್ಯದ ಕಲ್ಪನೆಯನ್ನು ವಿವೇಚಿಸುವಾಗ, ಆಟಗಾರನ ಸ್ವಭಾವದೊಡನೆ ಅವನ ಜೀವನೋಪಾಯದ ಭದ್ರತೆಯನ್ನೂ ಗಮನಿಸಬೇಕೆಂಬುದಕ್ಕೆ ಇದು ಸಾಕಷ್ಟು ನಿದರ್ಶನವೆಂದು ನಾವು ತಿಳಿಯುತ್ತೇವೆ.